ಅಳಿಯ ಮಲಗುವ ಕೋಣೆ

ನೀರಿನ ಬಿಲ್ಲಿಗೆ ಅಳಿಯನ ಹೆಸರು ಸೇರಿಸುವುದಿಲ್ಲ ಎಂದು ತೈಮುಸ್ ಚಾಚಾ ಹೇಳಿದ್ದು ಊಟದ ನಡುವೆ. ಬಾಯಲ್ಲಿದ್ದ ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟು, ಯಾರಿಗೂ ಕೇಳಿಸಲಿಲ್ಲವೇನೋ ಎಂಬಂತೆ ಮತ್ತೊಮ್ಮೆ ಹೇಳಿದರು.

"ಈ ಮನೆ ಬಿಲ್ಲಿನ ಮೇಲೆ ಇರೋದು ಒಂದೇ ಹೆಸರು. ನಾನು ಸಾಯೋವರೆಗೂ ಒಂದೇ."

"ನಾನೇನು ಮನೆ ಬರ್ಕೊಡಿ ಅಂದ್ನಾ ಅಬ್ಬಾ?" ಮಗಳು ರುಷ್ನಾ ತನ್ನ ಮೂರು ವರ್ಷದ ಮಾಯಿಶಾಳ ಬಾಯಿಗೆ ತುತ್ತಿಡುತ್ತಾ ಕೇಳಿದಳು. "ನನ್ನ ಗಂಡನ ಹೆಸರು ಒಂದು ಕಾಗದದ ಮೇಲೆ ಬರಲಿ ಅಂದೆ. ನೀರಿಂದಾಗ್ಲಿ, ಕರೆಂಟಿಂದಾಗ್ಲಿ, ಕಸದ್ದಾಗ್ಲಿ."

"ಎರಡು ವರ್ಷದ ಹಿಂದೆ ಅಳಿಯಂದ್ರೇ ಬಂದು ಕೇಳಿದ್ರು. ಆಗ್ಲೂ ಬೇಡ ಅಂದಿದ್ದೆ."

"ಅದಕ್ಕೇ ಇವತ್ತು ಈ ಗತಿ."

"ಉಣ್ಣೋ ಹೊತ್ತಲ್ಲಿ ಜಗಳ ಬೇಡ," ಎಂದು ಗುಲ್ನೆಹಾರ್ ಚಾಚಿ ಅಡಿಗೆಮನೆಯಿಂದ ಹೇಳಿದರು. ಅವರು ಊಟಕ್ಕೆ ಕೂರುವುದು ಎಲ್ಲರ ತಟ್ಟೆ ಖಾಲಿಯಾದ ಮೇಲೆ. ಹಾಗಾಗಿ ಆ ಮನೆಯ ಜಗಳಗಳನ್ನೆಲ್ಲ ಅವರು ಕೇಳಿಸಿಕೊಂಡದ್ದು ಒಲೆಯ ಕಡೆಗೆ ಮುಖ ಮಾಡಿಕೊಂಡೇ.

ನಾನು ಅವರ ಪಕ್ಕದ ಮನೆಯವಳು. ವಿಲಾಯತಿಯ ಓಲ್ಡಮ್ ಊರಿನ ನಮ್ಮ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ, ಅದೂ ತೆಳ್ಳನೆಯದು. ಅತ್ತ ಕೆಮ್ಮಿದರೆ ಇತ್ತ ಕೇಳಿಸುತ್ತದೆ. ಆ ಗೋಡೆಯಾಚೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮುಕ್ತಾದಿರ್ ಸಿಲ್ಹೆಟ್ಟಿನ ಹತ್ತಿರದ ಬಿಶ್ವನಾಥ ಎಂಬ ಊರಿನ ಹುಡುಗ. ರುಷ್ನಾಳನ್ನು ಮದುವೆಯಾಗಿ ಇಲ್ಲಿಗೆ ಬಂದು ಐದು ವರ್ಷವಾಗುತ್ತಾ ಬಂದಿತ್ತು. ಹೆಂಡತಿಯ ಹೆಸರಿನ ವೀಸಾದ ಮೇಲೆ ಅಷ್ಟು ದಿನ ಕಳೆದವನು ಆಮೇಲೆ ಕಾಯಂ ವೀಸಾ ಕೇಳಬೇಕು. ಸಿಕ್ಕರೆ ಇಲ್ಲಿಯವನು, ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಗಂಡ ಹೆಂಡತಿ ಒಂದೇ ಮನೆಯಲ್ಲಿ ಇದ್ದಾರೆ ಎಂಬುದಕ್ಕೆ ವೀಸಾದವರು ಆರು ಕಾಗದ ಕೇಳುತ್ತಾರೆ. ಅವು ಎರಡು ವರ್ಷದುದ್ದಕ್ಕೂ ಹರಡಿಕೊಂಡಿರಬೇಕು, ಬೇರೆ ಬೇರೆ ಕಡೆಯಿಂದ ಬಂದಿರಬೇಕು, ಇಬ್ಬರ ಹೆಸರೂ ಅದೇ ವಿಳಾಸಕ್ಕೆ ಇರಬೇಕು. ರುಷ್ನಾ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸದವಳು. ಅವಳ ಹೆಸರಿಗೆ ಸಂಬಳದ ಚೀಟಿ, ಬ್ಯಾಂಕಿನ ಕಾಗದ, ಮಗುವಿನ ಲಸಿಕೆಯ ಕಾಗದ, ಎಲ್ಲ ಬೇಕಾದಷ್ಟಿದ್ದವು. ಮುಕ್ತಾದಿರನ ಹೆಸರಿಗೆ ಆ ಎರಡು ವರ್ಷದಲ್ಲಿ ಆ ಮನೆಗೆ ಬಂದದ್ದು ಕನ್ನಡಕದ ಅಂಗಡಿಯವರ ಜಾಹೀರಾತು ಒಂದೇ.

ಯಾಕೆಂದರೆ ಅವನ ಬದುಕೆಲ್ಲ ಬೇರೆ ವಿಳಾಸದಲ್ಲಿತ್ತು. ಇಲ್ಲಿಯವರಿಗೆ ನಮ್ಮ ಅಡಿಗೆ ಬಡಿಸುವ ಕರಿ ಹೋಟೆಲುಗಳಲ್ಲಿ ನಮ್ಮ ಗಂಡಸರು ದುಡಿಯುವ ರೀತಿಯೇ ಹಾಗೆ. ಕೆಳಗೆ ಹೋಟೆಲು, ಮೇಲಿನ ಕೋಣೆಗಳಲ್ಲಿ ಸಾಲಾಗಿ ಮಂಚ. ವಾರವಿಡೀ ಅಲ್ಲೇ ಬೇಯಿಸಿ ಅಲ್ಲೇ ಮಲಗುವುದು, ಹೋಟೆಲಿಗೆ ರಜೆಯಿದ್ದ ದಿನ ಮನೆಗೆ ಬರುವುದು. ಮುಕ್ತಾದಿರ್ ಮೊದಲು ನಮ್ಮ ಊರಲ್ಲೇ ಕೆಲಸದಲ್ಲಿದ್ದ. ಎರಡು ವರ್ಷದ ಹಿಂದೆ ಆ ಹೋಟೆಲು ಮುಚ್ಚಿದ ಮೇಲೆ ವೇಲ್ಸಿನ ಕಡಲತೀರದ ಊರೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳದ ಚೀಟಿ ಹೋಟೆಲಿನ ವಿಳಾಸಕ್ಕೆ, ಬ್ಯಾಂಕಿನ ಖಾತೆ ಆ ಊರಲ್ಲಿ. ಒಮ್ಮೆ ಕಾದ ಎಣ್ಣೆ ಬಿದ್ದು ಕೈ ಸುಟ್ಟಾಗ ಹೆಸರು ಬರೆಸಿದ್ದೂ ಅಲ್ಲಿಯ ಡಾಕ್ಟರ ಬಳಿ. ಸುಟ್ಟ ಕೈ ಹಿಡಿದುಕೊಂಡು ಯಾರು ವಿಳಾಸ ಯೋಚಿಸುತ್ತಾರೆ?

ಸೋಮವಾರ ಮಧ್ಯಾಹ್ನ ಬರುತ್ತಿದ್ದ, ಮಂಗಳವಾರ ಉಂಡು ಹೊರಡುತ್ತಿದ್ದ. ಸೋಮವಾರ ಆ ಮನೆಯಲ್ಲಿ ಹಬ್ಬದ ಅಡಿಗೆ. ಚಾಚಿ ಹಾತ್ಕೊರಾ ಎಂಬ ನಮ್ಮ ಕಡೆಯ ನಿಂಬೆಯ ಹುಳಿಸಿಪ್ಪೆ ಹಾಕಿ ದನದ ಮಾಂಸ ಬೇಯಿಸಿದರೆ ನಮ್ಮ ಮನೆಯವರಿಗೂ ಬಾಯಲ್ಲಿ ನೀರು. ಸೆರಗು ತಲೆ ತುಂಬ ಹೊದ್ದು, ಅಳಿಯನ ತಟ್ಟೆಗೆ ತಾವೇ ಬಡಿಸುತ್ತಿದ್ದರು. ಅವನ ಹೆಸರು ಅವರ ಬಾಯಲ್ಲಿ ಬಂದದ್ದಿಲ್ಲ. ಅವರಿಗೆ ಅವನು 'ಅಳಿಯಂದ್ರು'.

"ಅಳಿಯಂದ್ರು ಇನ್ನೊಂದು ತುಂಡು ಹಾಕ್ಕೋಬೇಕು."

"ಸಾಕಮ್ಮಾ, ಹೊಟ್ಟೆ ಒಡೆಯುತ್ತೆ."

"ಊರಿಗೆಲ್ಲಾ ಬೇಯಿಸಿ ಹಾಕೋರು, ತಾವು ಏನು ತಿಂತಾರೋ ಏನೋ. ನೋಡು, ಕೆನ್ನೆ ಹೇಗೆ ಒಳಕ್ಕೆ ಹೋಗಿದೆ."

ಉಂಡವನು ಕೆಳಗೆ, ಬೀದಿ ಬದಿಯ ಮುಂದಿನ ಕೋಣೆಯ ಸೋಫಾದ ಮೇಲೆ ಉರುಳಿ ಸಂಜೆಯವರೆಗೆ ನಿದ್ದೆ ಮಾಡುತ್ತಿದ್ದ. ಮಗು ಅವನ ಹೊಟ್ಟೆಯ ಮೇಲೆ. ಮಂಗಳವಾರ ಮಾತ್ರ ನನಗೆ ನಿದ್ದೆ ಹಾಳು. ಬೆಳಕು ಹರಿಯುವ ಮೊದಲೇ ಚಾಚಿಯ ಅಡಿಗೆಮನೆಯಲ್ಲಿ ಪಾತ್ರೆಗಳ ಗಲಾಟೆ, ಜೋರು ನಲ್ಲಿ, ಅದರ ಮೇಲೆ ರೇಡಿಯೋದಲ್ಲಿ ಕುರಾನ್ ಪಠಣ.

"ಪಾತ್ರೆ ತೊಳೆಯೋಕೆ ಬೇರೆ ದಿನ ಇಲ್ವೇನಮ್ಮಾ?" ಎಂದು ಮಗ ಜುಬೇದ್ ಅಟ್ಟದ ಕೋಣೆಯಿಂದ ಗೊಣಗುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ನಂಗೆ ಮಂಗಳವಾರವೇ ಅನುಕೂಲ. ನೀನು ಮುಸುಕೆಳೆದು ಮಲಕ್ಕೋ."

ಜುಬೇದ್ ಪಾರ್ಸೆಲ್ ವ್ಯಾನು ಓಡಿಸುವವನು, ಇನ್ನೂ ಮದುವೆಯಾಗಿರಲಿಲ್ಲ, ಎಲ್ಲದಕ್ಕೂ ಅವನ ಹತ್ತಿರ ಒಂದು ಮಾತು ಇರುತ್ತಿತ್ತು. ನೀರಿನ ಬಿಲ್ಲಿನ ಜಗಳವಾದ ವಾರ, ತಾನು ದುಲಾಭಾಯ್ ಎಂದು ಕರೆಯುವ ಭಾವನ ವಿಷಯದಲ್ಲಿ ಅಕ್ಕನಿಗೆ ಒಂದು ಉಪಾಯ ಹೇಳಿದ.

"ದುಲಾಭಾಯ್ ಹೆಸರಿಗೆ ತಿಂಗಳಿಗೊಂದು ಜೊತೆ ಶೂ ತರ್ಸೋಣ ಅಪಾ. ಪೆಟ್ಟಿಗೆ ಮೇಲೆ ಹೆಸರು, ವಿಳಾಸ ಎಲ್ಲಾ ಬಂದಿರುತ್ತೆ. ನಾನೇ ತಂದ್ಕೊಡ್ತೀನಿ."

"ಶೂ ಪೆಟ್ಟಿಗೆ ತೋರ್ಸಿದ್ರೆ ಗಂಡ ಅಂತ ಒಪ್ತಾರಾ?"

"ಇಷ್ಟು ದೊಡ್ಡ ಮಗಳನ್ನ ತೋರ್ಸಿದ್ರೆ ಒಪ್ಪಲ್ಲ ಅಂದ್ಮೇಲೆ, ಪೆಟ್ಟಿಗೆನಾದ್ರೂ ನೋಡ್ಲಿ."

ರುಷ್ನಾ ನಗಲಿಲ್ಲ. ಆ ಸೋಮವಾರ ಮುಕ್ತಾದಿರ್ ಬಂದಾಗ, ಬಿಲ್ಲಿಗೆ ಹೆಸರು ಸೇರಿಸಲು ಅಬ್ಬ ಒಪ್ಪದ ವಿಷಯ ಹೇಳಿದಳು. ಅವನು ಕೈ ತೊಳೆದು ಬಂದು ಕೂತ.

"ನಿಮ್ಮಬ್ಬನಿಗೆ ನಾನು ಮನೆ ಹೊಡ್ಕೋತೀನಿ ಅನ್ನೋ ಭಯ," ಎಂದ.

"ಅದಲ್ಲ ರೀ."

"ಮತ್ತೇನು? ನಮ್ಮೂರಲ್ಲಿ ಮಾವನ ಮನೇಲಿ ಇರೋ ಅಳಿಯನಿಗೆ ನಾಯಿಗಿರೋ ಮರ್ಯಾದೆನೂ ಇಲ್ಲ. ಇಲ್ಲಿ ನೋಡಿದ್ರೆ, ಮಾವನ ಮನೇಲೇ ಇದೀನಿ ಅಂತ ಸಾಬೀತು ಮಾಡು ಅಂತಾರೆ. ನಾನು ಯಾರ ಹತ್ರ ಮುಖ ಉಳಿಸ್ಕೊಳ್ಳಲಿ ಹೇಳು."

ಇದ್ದ ಕಾಗದಗಳ ಜೊತೆ ಮಸೀದಿಯ ಇಮಾಮರ ಪತ್ರ ಒಂದು, ಮದುವೆಯ ಫೋಟೋ, ರೈಲಿನ ಟಿಕೆಟುಗಳ ಕಟ್ಟು ಇಟ್ಟು ಅರ್ಜಿ ಹಾಕಿದರು. ಟಿಕೆಟುಗಳನ್ನು ಅವನು ಎಸೆದಿರಲಿಲ್ಲ, ಪುಣ್ಯಕ್ಕೆ. ಆದರೆ ವಕೀಲರ ಗುಮಾಸ್ತ ಅದನ್ನು ನೋಡಿ, ಇದು ಅವನು ಬಂದು ಹೋಗುತ್ತಾನೆ ಎಂದು ತೋರಿಸುತ್ತದೆ, ಇದ್ದಾನೆ ಎಂದು ತೋರಿಸುವುದಿಲ್ಲ ಎಂದನಂತೆ. ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲೇ ಕೂರುವ ಆ ಗುಮಾಸ್ತನನ್ನು, ನೀನು ನಿನ್ನ ಮನೆಯಲ್ಲಿ ಇದ್ದೀಯೋ ಬಂದು ಹೋಗುತ್ತೀಯೋ ಎಂದು ಯಾರೂ ಕೇಳಿರಲಿಕ್ಕಿಲ್ಲ.

ಕೆಲವು ವಾರ ಕಳೆದು ಒಂದು ಬುಧವಾರ ಬೆಳಿಗ್ಗೆ ಅವರ ಮನೆಯ ಮುಂದೆ ಕಾರು ನಿಂತಿತು. ವೀಸಾ ಕಚೇರಿಯ ಒಬ್ಬ ಗಂಡಸು, ಒಬ್ಬ ಹೆಂಗಸು, ಕೊರಳಲ್ಲಿ ಗುರುತಿನ ಚೀಟಿ. ರುಷ್ನಾ ಶಾಲೆಯಲ್ಲಿದ್ದಳು, ಚಾಚಾ ಮೀನು ತರಲು ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಕಾರು ಹೊರಟೇ ಹೋಗಿತ್ತು. ಚಾಚಿ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ಪರೀಕ್ಷೆ ಬರೆದು ಬಂದ ಹುಡುಗಿಯ ಕಳೆ.

"ಅವರ ಪ್ರಶ್ನೆನೆಲ್ಲಾ ಫೋನಲ್ಲಿ ಒಬ್ಬಳು ನಮ್ಮ ಮಾತಿಗೆ ತಿರುಗ್ಸಿ ಕೇಳಿದ್ಲು ಕಣೇ. ಒಂದೂ ಬಿಡದ ಹಾಗೆ ಉತ್ತರ ಕೊಟ್ಟೆ," ಎಂದರು. "ಬೀರು ತೆಗೆಸಿ ನೋಡಿದ್ರು. ಅಳಿಯಂದ್ರ ಬಟ್ಟೆ ಕಡಿಮೆ ಅಂದ್ರು. ಬಟ್ಟೆ ಅವರ ಜೊತೆ ಹೋಗುತ್ತೆ, ಅದೊಂದೇ ವಾಪಸ್ ಬರೋಕೆ ಬಟ್ಟೆಗೇನು ಕಾಲಿದೆಯಾ ಅಂದೆ."

ಸಂಜೆ ರುಷ್ನಾ ಬಂದಳು. ಗೋಡೆಯಾಚೆ ಮೊದಲು ಮೆಲ್ಲಗೆ ಶುರುವಾಯಿತು.

"ಎಲ್ಲಿ ಮಲಗ್ತಾರೆ ಅಂತ ಕೇಳಿದ್ರಾ ಅಮ್ಮಾ?"

"ಕೇಳಿದ್ರು, ನಾಚಿಕೆ ಬಿಟ್ಟೋರು. ಆ ಗಂಡಸಿಗೆ ನಮ್ಮ ಜುಬೇದನಷ್ಟು ವಯಸ್ಸು."

"ಏನಂದೆ?"

"ಮುಂದಿನ ಕೋಣೇಲಿ ಅಂದೆ."

ರುಷ್ನಾ ಚೀಲವನ್ನು ಕುರ್ಚಿಗೆ ಒಗೆದ ಸದ್ದು.

"ಸುಳ್ಳೇನಲ್ಲ," ಚಾಚಿಯೇ ಮುಂದುವರಿಸಿದರು. "ಸೋಮವಾರ ಉಂಡ್ಮೇಲೆ ಅಲ್ಲೇ ತಾನೇ ಉರುಳ್ಕೊಳ್ಳೋದು?"

"ರಾತ್ರಿ ಅಮ್ಮಾ. ಅವರು ಕೇಳಿದ್ದು ರಾತ್ರಿ ಮಾತು."

"ರಾತ್ರಿ ಮಾತು ನನ್ನ ಬಾಯಲ್ಲಿ ಬರಬೇಕಾ? ಮಗಳ ಗಂಡ ರಾತ್ರಿ ಎಲ್ಲಿ ಮಲಗ್ತಾನೆ ಅಂತ ಹೆತ್ತೋಳು ಪರಗಂಡಸಿನ ಮುಂದೆ ನಿಂತು ಹೇಳ್ತಾಳಾ? ಹಾಗಂತ ಹೇಳಿದೋಳನ್ನ ನಾನಂತೂ ಕಂಡಿಲ್ಲ."

"ಬರ್ಕೊಂಡ್ರಾ?"

"ಎರಡೆರಡು ಸಲ ಕೇಳಿ ಬರ್ಕೊಂಡ್ರು."

"ಹಾಗಾದ್ರೆ ಮುಗೀತು," ಎಂದಳು ರುಷ್ನಾ. ಆಮೇಲೆ ಅವಳ ದನಿ ಏರಿತು, ನಮ್ಮ ಮನೆಯ ಮಕ್ಕಳು ಊಟ ಬಿಟ್ಟು ಗೋಡೆ ನೋಡಿದರು. "ನಿನ್ನ ಮರ್ಯಾದೆಗೆ ನನ್ನ ಸಂಸಾರ ಹೋಯ್ತಮ್ಮಾ. ಗಂಡ ಹೆಂಡತಿ ಬೇರೆ ಬೇರೆ ಮಲಗ್ತಾರೆ ಅಂತ ತಾಯಿನೇ ಹೇಳಿದ್ಲು ಅಂತ ಬರೀತಾರೆ. ಇನ್ನು ಯಾವ ಕಾಗದ ಕೊಟ್ರೂ ಅಷ್ಟೇ."

ಅಷ್ಟರಲ್ಲಿ ಚಾಚಾ ನಮಾಜು ಮುಗಿಸಿ ಬಂದರು. ವಿಷಯ ಕೇಳಿ ಕುರ್ಚಿ ಎಳೆದುಕೊಂಡು ಕೂತ ಸದ್ದು.

"ಅವಳಿಗೆ ಇಂಥೋರ ಹತ್ರ ಮಾತಾಡೋಕೆ ಬರಲ್ಲ ಅಂತ ನಂಗೆ ಆವತ್ತೇ ಗೊತ್ತು," ಎಂದರು. "ಸೂಫಿಯಾನನ ವಿಷಯದಲ್ಲೂ ಹೀಗೇ ಆಯ್ತು."

ಸೂಫಿಯಾನ್ ಅವರ ಹಿರಿಯ ಮಗ. ಆ ಹೆಸರು ಆ ಮನೆಯಲ್ಲಿ ಸುಮ್ಮನೆ ಬರುವುದಿಲ್ಲ. ಚಾಚಾ ಇಲ್ಲಿಯ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲದಲ್ಲಿ ಹೆಂಡತಿ ಮಗನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ಇಲ್ಲಿ ಅವರನ್ನು, ಢಾಕಾದಲ್ಲಿ ಚಾಚಿಯನ್ನು ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳಿದರು. ಮನೆಗೆ ಎಷ್ಟು ಕೋಣೆ, ಕೆರೆ ಯಾವ ಕಡೆ, ಹಸು ಎಷ್ಟು. ಇಬ್ಬರ ಉತ್ತರ ತಾಳೆಯಾಗಲಿಲ್ಲ. ಈ ಹುಡುಗ ನಿಮ್ಮ ಮಗನಲ್ಲ ಎಂದು ಬರೆದು ಕಳಿಸಿದರು. ವರ್ಷಗಳ ಮೇಲೆ ಚಾಚಿಗೆ ಮಾತ್ರ ವೀಸಾ ಸಿಕ್ಕಿತು, ಹುಡುಗನನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದರು. ಆಮೇಲೆ ರಕ್ತ ಪರೀಕ್ಷೆ ಬಂತು, ಅವನು ಇವರದೇ ಮಗ ಎಂದು ರುಜುವಾತಾಯಿತು. ಅಷ್ಟು ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಈಗ ದೊಡ್ಡವನಾಗಿದ್ದಾನೆ, ಬರುವ ಹಾಗಿಲ್ಲ ಎಂದರು. ತಪ್ಪಾಯಿತು ಎಂಬ ಒಂದು ಸಾಲು ಯಾರೂ ಬರೆಯಲಿಲ್ಲ. ಅವನು ಈಗ ಸಿಲ್ಹೆಟ್ಟಿನಲ್ಲಿ ಆಟೋ ಓಡಿಸುತ್ತಾನೆ, ಈದಿಗೆ ಫೋನು ಮಾಡಿದರೆ ತಾಯಿಯ ಜೊತೆ ಮಾತ್ರ ಮಾತು.

ಗೋಡೆಯಾಚೆ ಚಾಚಿಯ ದನಿ ಅಡಿಗೆಮನೆಯಿಂದ ಊಟದ ಕೋಣೆಗೆ ಬಂತು. ಅಷ್ಟು ವರ್ಷದಲ್ಲಿ ಅವರು ಗಂಡನಿಗೆ ಎದುರಾಡಿದ್ದು ನಾನು ಕೇಳಿರಲಿಲ್ಲ.

"ಆವತ್ತು ತಪ್ಪು ಹೇಳಿದ್ದು ನಾನಲ್ಲ. ನೀವು."

"ಈಗ್ಯಾಕೆ ಅದು?"

"ಮೂರು ಕೋಣೆ ಅಂದೆ ನಾನು. ಮೂರೇ ಇತ್ತು. ನೀವು ಎರಡು ಅಂದ್ರಿ. ಮೂರನೇದು ನೀವು ಕಳ್ಸಿದ ದುಡ್ಡಲ್ಲೇ ಕಟ್ಸಿದ್ದು, ನೀವು ಬಂದು ನೋಡಿರ್ಲಿಲ್ಲ, ಮರ್ತ್ರಿ. ಊರೆಲ್ಲಾ ನನ್ನ ಬಾಯಿಂದ ಮಗ ಹೋದ ಅಂತು. ನಾನೂ ಹೂಂ ಅಂದ್ಕೊಂಡು ಬಂದೆ. ಇವತ್ತು ಮಗಳ ಮುಂದೆನೂ ಅದನ್ನೇ ಅಂತೀರಾ?"

ಚಾಚಾ ಮಗಳಿಗೆ ಹೇಳಿದರು, "ನಾನು ಎಲ್ಲಾ ಬಿಚ್ಚಿ ಹೇಳಿದ್ದೆ ಕಣಮ್ಮಾ. ಕೋಣೆ, ಕೆರೆ, ಹಸು ಎಲ್ಲಾ. ಅದನ್ನೇ ಹಿಡ್ಕೊಂಡು ನನ್ನ ಮಗನ್ನ ನನ್ನ ಮಗ ಅಲ್ಲ ಅಂದ್ರು. ಕಾಗದ ಜಾಸ್ತಿ ಕೊಟ್ಟಷ್ಟೂ ಅವರಿಗೆ ನಮ್ಮನ್ನ ಹಿಡ್ಕೊಳ್ಳೋಕೆ ಹಿಡಿ ಜಾಸ್ತಿ. ಅದಕ್ಕೇ ಅಳಿಯನ ಹೆಸರು ಎಲ್ಲೂ ಬೇಡ ಅಂದಿದ್ದು. ಅಳಿಯನ ಮೇಲಿನ ಅನುಮಾನಕ್ಕಲ್ಲ."

"ಇದನ್ನ ಒಂದು ಸಲ ಬಾಯಿಬಿಟ್ಟು ಹೇಳಿದ್ರೆ ಆಗ್ತಿರ್ಲಿಲ್ವಾ ಅಬ್ಬಾ? ನಮ್ಮನೆಯೋರು ತಾವು ನಾಯಿಗಿಂತ ಕಡೆ ಅಂದ್ಕೊಂಡು ಉಣ್ತಿದಾರೆ ನಿಮ್ಮ ಮನೇಲಿ."

ಮರುದಿನ ಚಾಚಾ ಕೋಟು ಹಾಕಿಕೊಂಡು ಹೋಗಿ ನೀರಿನ ಬಿಲ್ಲು, ಕರೆಂಟಿನ ಬಿಲ್ಲು ಎರಡಕ್ಕೂ ಅಳಿಯನ ಹೆಸರು ಸೇರಿಸಲು ಬರೆದುಕೊಟ್ಟು ಬಂದರು.

"ಕಳೆದ ಎರಡು ವರ್ಷದ ನೀರನ್ನ ಈಗ ಹೇಗೆ ಕುಡಿಸ್ತೀರಿ ಅಬ್ಬಾ?" ಎಂದ ಜುಬೇದ್. ಆ ದಿನ ಅವನಿಗೆ ಬಾಯಿ ಮುಚ್ಚು ಎಂದವರೂ ಇಲ್ಲ.

ಹದಿನೈದು ದಿನ ಕಳೆಯುವಷ್ಟರಲ್ಲಿ ವೀಸಾದವರ ಪತ್ರ ಬಂತು. ದಂಪತಿಗಳು ಒಟ್ಟಿಗೆ ಇದ್ದಾರೆ ಎಂಬ ಬಗ್ಗೆ ಸಂಶಯವಿದೆ, ಮನೆಯಲ್ಲಿರುವವರೇ ಬೇರೆ ಕೋಣೆ ಎಂದು ತಿಳಿಸಿದ್ದಾರೆ, ನಿರಾಕರಿಸುವ ಮೊದಲು ವಿಚಾರಣೆಗೆ ಬನ್ನಿ, ಸಾಕ್ಷಿಗಳಿದ್ದರೆ ಕರೆತನ್ನಿ. ರುಷ್ನಾ ಓದಿ ಹೇಳಿದಾಗ ಚಾಚಿ ಅಕ್ಕಿ ತೊಳೆಯುತ್ತಿದ್ದರು.

"ನಾನು ಬರ್ತೀನಿ," ಎಂದರು.

"ಬೇಡಮ್ಮಾ. ಬಂದು ಏನು ಹೇಳ್ತೀಯ?"

"ಕೇಳಿದ್ದಕ್ಕೆ ಹೇಳ್ತೀನಿ."

"ಮತ್ತೆ ನಾಚ್ಕೊಂಡು ಅರ್ಧ ಹೇಳಿದ್ರೆ ಅವರನ್ನ ಕಳಿಸೇ ಬಿಡ್ತಾರೆ. ಮಾಯಿಶಾಗೆ ಅಪ್ಪ ಅಂದ್ರೆ ಫೋನಲ್ಲಿ ಬರೋ ಮುಖ ಆಗುತ್ತೆ."

"ಒಬ್ಬನ್ನ ಬಿಟ್ಟು ಬಂದಿದೀನಿ. ಇನ್ನೊಬ್ಬರನ್ನ ಕಳಿಸಿಕೊಡಲ್ಲ," ಎಂದು ಚಾಚಿ ಅಕ್ಕಿ ಬಸಿದರು.

ವಿಚಾರಣೆಯ ದಿನ ಮಗುವನ್ನು ನೋಡಿಕೊಳ್ಳಲು ನಾನೂ ಹೋದೆ. ಗಾಜಿನ ಬಾಗಿಲು, ಮೆತ್ತನೆ ಕುರ್ಚಿ, ಗೋಡೆಯ ಮೇಲೆ ನಗುವ ಕುಟುಂಬದ ಚಿತ್ರ. ರುಷ್ನಾಳನ್ನು ಒಳಗೆ ಕರೆದರು, ಆಮೇಲೆ ಮುಕ್ತಾದಿರನನ್ನು, ಇಬ್ಬರನ್ನೂ ಬೇರೆ ಬೇರೆಯಾಗಿ. ಹಾಸಿಗೆಯಲ್ಲಿ ಗೋಡೆಯ ಕಡೆ ಯಾರು, ಕಳೆದ ವಾರ ಏನು ಜಗಳ, ಹೆಂಡತಿ ಹಲ್ಲುಜ್ಜುವ ಬ್ರಶ್ಶಿನ ಬಣ್ಣ ಯಾವುದು. ವಾರಕ್ಕೊಂದು ದಿನ ಮನೆಗೆ ಬರುವವನು ಬ್ರಶ್ಶು ನೋಡುತ್ತಾನೋ ಹೆಂಡತಿಯನ್ನು ನೋಡುತ್ತಾನೋ? ಅವನು ಬಣ್ಣ ತಪ್ಪು ಹೇಳಿದ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕೊನೆಗೆ ಚಾಚಿಯನ್ನು ಕರೆದರು. ಒಳಗೆ ನಡೆದ ಮಾತಿನ ಪ್ರತಿಯನ್ನು ಆಮೇಲೆ ಕೊಟ್ಟರು. ನಾನು ಓದಿದ್ದೇನೆ. ಅಧಿಕಾರಿಯ ಮಾತನ್ನು ನಮ್ಮ ಭಾಷೆಗೆ ಹೇಳಿದವಳು ಬರ್ಮಿಂಗ್‌ಹ್ಯಾಮಿನ ನಮ್ಮವರ ಹುಡುಗಿ. ಅದೇ ಹೆಚ್ಚು ಕಷ್ಟವಾಯಿತು ಎಂದರು ಚಾಚಿ. ಅಧಿಕಾರಿಯ ಭಾಷೆಯಲ್ಲೇ ಕೇಳಿದ್ದರೆ ಅರ್ಧ ನಾಚಿಕೆ ಅವನಿಗೇ ಉಳಿಯುತ್ತಿತ್ತಂತೆ.

"ಹಿಂದಿನ ಸಲ ಅಳಿಯ ಮುಂದಿನ ಕೋಣೆಯಲ್ಲಿ ಮಲಗುತ್ತಾರೆ ಎಂದಿದ್ದೀರಿ. ಈಗ ಮಹಡಿ ಮೇಲೆ ಎನ್ನುತ್ತಿದ್ದೀರಿ. ಯಾವುದು ನಿಜ?"

"ಎರಡೂ ನಿಜ. ಮಧ್ಯಾಹ್ನ ಕೆಳಗೆ. ರಾತ್ರಿ ಮೇಲೆ, ನನ್ನ ಮಗಳ ಜೊತೆ."

"ನೀವು ನೋಡಿದ್ದೀರಾ?"

"ಯಾವ ತಾಯಿ ನೋಡ್ತಾಳೆ?"

"ಹಾಗಾದರೆ ನಿಮಗೆ ಹೇಗೆ ಗೊತ್ತು?"

ಇಲ್ಲಿ ಸಾಕ್ಷಿ ನೀರು ಕೇಳಿದರು ಎಂದು ಪ್ರತಿಯಲ್ಲಿ ಬರೆದಿದೆ.

"ಮಂಗಳವಾರ ಬೆಳಗಿನ ನಮಾಜಿಗೆ ಮುಂಚೆ ಮೇಲೆ ಬಚ್ಚಲಲ್ಲಿ ನೀರು ಬೀಳೋ ಸದ್ದು ಬರುತ್ತೆ. ಮೊದಲು ಅವರು, ಆಮೇಲೆ ಅವಳು. ಗಂಡ ಹೆಂಡತಿ ಜೊತೆಯಾದ್ಮೇಲೆ ತಲೆ ಮೇಲೆ ನೀರು ಹಾಕ್ಕೊಳ್ದೆ ನಮಾಜಿಗೆ ನಿಲ್ಲೋ ಹಾಗಿಲ್ಲ ನಮ್ಮಲ್ಲಿ. ಮನೇಲಿ ಅವಳ ಅಪ್ಪ ಇದ್ದಾರೆ, ವಯಸ್ಸಿಗೆ ಬಂದ ತಮ್ಮ ಇದ್ದಾನೆ. ಆ ಸದ್ದು ಅವರ ಕಿವಿಗೆ ಬೀಳಬಾರದು. ಅದಕ್ಕೆ ನಾನು ಅಷ್ಟು ಹೊತ್ತಿಗೇ ಎದ್ದು ಕೆಳಗೆ ಪಾತ್ರೆ ತೊಳೀತೀನಿ. ತೊಳೆದಿದ್ದನ್ನೇ ಮತ್ತೆ ತೊಳೀತೀನಿ. ರೇಡಿಯೋ ಜೋರು ಮಾಡ್ತೀನಿ. ಅವರು ಆ ಹೋಟೆಲಿಗೆ ಸೇರಿದಾಗಿಂದ ಒಂದು ಮಂಗಳವಾರನೂ ಬಿಟ್ಟಿಲ್ಲ. ಬೇಕಾದ್ರೆ ಹೊರಗೆ ಪಕ್ಕದ ಮನೆಯೋಳು ಕೂತಿದಾಳೆ, ಕೇಳಿ."

ನನ್ನನ್ನು ಕರೆದರು. ಪಕ್ಕದ ಮನೆಯಲ್ಲಿ ಮುಂಜಾನೆ ಪಾತ್ರೆ ತೊಳೆಯುವ ಸದ್ದು ಯಾವ ದಿನ ಕೇಳಿಸುತ್ತದೆ ಎಂದರು. ಮಂಗಳವಾರ ಎಂದೆ. ಎಷ್ಟು ಕಾಲದಿಂದ ಎಂದರು. ಎರಡು ವರ್ಷದಿಂದ ನನ್ನ ನಿದ್ದೆ ಹಾಳಾಗಿದೆ ಎಂದೆ. ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಚಾಚಿ ನನ್ನ ಕಡೆ ನೋಡದೆ ಸೆರಗಿನ ತುದಿ ಸುತ್ತುತ್ತಿದ್ದರು.

ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದು, ಚಾಚಿಯನ್ನೂ ಅಲ್ಲೇ ಕೂರಿಸಿ, ಅವರು ಹೇಳಿದ್ದನ್ನೆಲ್ಲ ಆ ಹುಡುಗಿಯ ಬಾಯಲ್ಲಿ ನಮ್ಮ ಮಾತಿನಲ್ಲೇ ಓದಿಸಿದರು. ಒಂದೊಂದು ಸಾಲಿಗೂ ಇದು ಸರಿಯೇ ಎಂದು ಮುಕ್ತಾದಿರನನ್ನು ಕೇಳಿದರು. ಅವನು ನೆಲ ನೋಡುತ್ತಾ ಸರಿ ಎಂದ. ಮತ್ತೊಂದು ಸಾಲು. ಸರಿ. ನೀರಿನ ಸಾಲು ಬಂದಾಗ ಆ ಹುಡುಗಿಯ ದನಿಯೇ ಸಣ್ಣಗಾಯಿತಂತೆ. ಅಧಿಕಾರಿ ಅವಳಿಗೆ, ಕೇಳಿಸುವ ಹಾಗೆ ಓದಿ ಎಂದನಂತೆ.

ನನಗೆ ಆ ಅಧಿಕಾರಿಯ ಹೆಸರು ಗೊತ್ತಿಲ್ಲ. ಅವನು ಕೆಟ್ಟವನೂ ಅಲ್ಲವೇನೋ, ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಉಂಡಿರಬೇಕು. ಆದರೆ ಅವನ ಅತ್ತೆಯನ್ನು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿ ಅದೇ ಪ್ರಶ್ನೆ ಕೇಳಬೇಕು ಎಂದು ನನಗೆ ಬಹಳ ದಿನ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಕಾಯಂ ವೀಸಾ ಬಂತು. ಬೀದಿಯವರೆಲ್ಲ ಸಿಹಿ ಹಂಚಿಕೊಂಡೆವು. ಚಾಚಾ ಅಳಿಯನ ತಲೆ ಮೇಲೆ ಕೈಯಿಟ್ಟು ದುವಾ ಮಾಡಿದರು. ಜುಬೇದ್, "ಇನ್ಮೇಲೆ ದುಲಾಭಾಯ್ ಅಧಿಕೃತ ಅಳಿಯ," ಎಂದು ಎಲ್ಲರನ್ನೂ ನಗಿಸಿದ. ಚಾಚಿ ಮಾತ್ರ ಅಡಿಗೆಮನೆ ಬಿಟ್ಟು ಬರಲಿಲ್ಲ.

"ಅಮ್ಮಾ, ಅವರಿಗೆ ಬಡಿಸು ಬಾ," ರುಷ್ನಾ ಕರೆದಳು.

"ನೀನೇ ಬಡಿಸು. ಒಲೆ ಮೇಲೆ ಇಟ್ಟಿದೀನಿ."

"ಒಲೆ ಆರಿದೆಯಲ್ಲಮ್ಮಾ."

"ನೀನೇ ಬಡಿಸು ಅಂದೆ."

ಮುಕ್ತಾದಿರನೂ ಆ ಕಡೆ ನೋಡಲಿಲ್ಲ. ಎರಡು ತುತ್ತು ತಿಂದು ಎದ್ದ, ಹೊಟ್ಟೆ ಸರಿಯಿಲ್ಲ ಎಂದ. ಮರುದಿನ ಮಂಗಳವಾರ. ಅಭ್ಯಾಸಬಲದಿಂದ ನನಗೆ ಎಚ್ಚರವಾಯಿತು. ಗೋಡೆಯಾಚೆ ಪಾತ್ರೆಯ ಸದ್ದಿಲ್ಲ, ನೀರಿನ ಸದ್ದೂ ಇಲ್ಲ.

ಆಮೇಲೆ ಅವನು ಬರುವುದೇ ಕಡಿಮೆಯಾಯಿತು. ಒಂದು ವಾರ ಹೋಟೆಲಿನಲ್ಲಿ ಕೆಲಸದವರು ಕಡಿಮೆ ಎಂದ, ಇನ್ನೊಂದು ವಾರ ರೈಲು ಇಲ್ಲ ಎಂದ. ಬಂದ ದಿನ ಚಾಚಿ ಅಡಿಗೆ ಮಾಡಿಟ್ಟು ನಮ್ಮ ಮನೆಗೆ ಬಂದು ಕೂರುತ್ತಿದ್ದರು. ನಾನು ಚಹಾ ಕೊಟ್ಟರೆ ಕುಡಿಯುತ್ತಿದ್ದರು.

"ಎಷ್ಟು ದಿನ ಹೀಗೆ ಚಾಚಿ?" ಒಮ್ಮೆ ಕೇಳಿದೆ.

"ಅವರ ಎದುರಿಗೆ ಹೇಗೆ ನಿಲ್ಲಲಿ ಹೇಳು. ನಾನು ಕಿವಿಗೊಟ್ಟು ಕೇಳ್ತಿದ್ದೆ ಅಂತ ತಾನೇ ಅವರಿಗೆ ಅನ್ಸೋದು. ಮುಚ್ಚೋಕೆ ಅಂತ ಎದ್ದಿದ್ದು ನಾನು. ಅದನ್ನ ಯಾರಿಗೆ ಹೇಳ್ಲಿ?"

ಅವನು ನಾಚಿಕೆಯಿಂದ ಬರಲಾರ, ಇವರು ನಾಚಿಕೆಯಿಂದ ಇರಲಾರರು. ನಡುವೆ ರುಷ್ನಾ. ಕೊನೆಗೆ ಅವಳೇ ನಿರ್ಧಾರ ಮಾಡಿದಳು. ಹೋಟೆಲಿನ ಊರಲ್ಲಿ ಕ್ಷೌರದ ಅಂಗಡಿಯೊಂದರ ಮೇಲೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿಯ ಶಾಲೆಯಲ್ಲಿ ಕೆಲಸಕ್ಕೂ ಕೇಳಿಟ್ಟಳು.

"ಒಂದೇ ಮನೇಲಿ ಇದೀವಿ ಅಂತ ಮೊನ್ನೆ ತಾನೇ ಬರ್ಕೊಟ್ಟು ಬಂದ್ರಿ," ಎಂದರು ಚಾಚಾ. "ಈಗ ಮನೆ ಬಿಡ್ತೀವಿ ಅಂತೀರಾ?"

"ಇನ್ನು ಯಾರೂ ಬಂದು ನೋಡಲ್ಲ ಅಬ್ಬಾ. ಎಲ್ಲಿ ಬೇಕಾದ್ರೂ ಇರಬಹುದು."

"ನಿಮ್ಮಮ್ಮ?"

ರುಷ್ನಾ ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು.

ಹೊರಡುವ ದಿನ ಜುಬೇದನ ವ್ಯಾನಿಗೆ ಸಾಮಾನು ತುಂಬಿದೆವು. ಮುಕ್ತಾದಿರ್ ಕೊನೆಗೆ ಒಳಗೆ ಹೋಗಿ ಅಡಿಗೆಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತ.

"ಅಮ್ಮಾ, ದಾರೀಲಿ ಹಸಿವಾಗುತ್ತೆ. ಏನಾದ್ರೂ ಕಟ್ಟಿಕೊಡಿ."

ಒಳಗೆ ಡಬ್ಬಿ ಮುಚ್ಚುವ ಸದ್ದು. ಬಾಗಿಲು ಒಂದು ಗೇಣು ತೆರೆಯಿತು, ಕೈ ಹೊರಗೆ ಬಂತು, ಬಟ್ಟೆ ಸುತ್ತಿದ ಡಬ್ಬಿಯನ್ನು ನೆಲದ ಮೇಲಿಟ್ಟು ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಅವನು ಬಗ್ಗಿ ಎತ್ತಿಕೊಂಡ, ಡಬ್ಬಿ ಬಿಸಿಯಾಗಿತ್ತೇನೋ, ಕೈ ಬದಲಿಸಿಕೊಂಡು ಹೊರಗೆ ಬಂದ.

ರುಷ್ನಾ ವ್ಯಾನಿನ ಮುಂದೆ ನನ್ನ ಕೈ ಹಿಡಿದು ನಿಂತಿದ್ದಳು. ತಾಯಿ ಬಾಗಿಲಿಗೆ ಬರುತ್ತಾರೇನೋ ಎಂದು ಸ್ವಲ್ಪ ಕಾದಳು. ಚಾಚಾ ಒಬ್ಬರೇ ಬಂದರು.

"ಅಳಬೇಡವೇ," ಎಂದೆ.

"ಅಳ್ತಿಲ್ಲ, ಸಿಟ್ಟು," ಎಂದಳು. "ಆರು ಕಾಗದ ಇದ್ದಿದ್ರೆ, ಇವತ್ತು ನಮ್ಮಮ್ಮ ಬಾಗಿಲ ತನಕ ಬಂದು ನಮ್ಮನ್ನ ಕಳಿಸಿಕೊಡ್ತಿದ್ಲು."